ಆಮದು ಸರಕಿನ ಸುರಕ್ಷಾ ಘೋಷಣೆ: ನಮ್ಮ ಕರಾವಳಿಯ ದೃಷ್ಟಿಯಿಂದ ಒಂದು ವಿವೇಚನೆ

"ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ" ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹೇರಿನ ಬೆಲೆ ಎಷ್ಟು, ಅದಕ್ಕೆ ತೆರಬೇಕಾದ ಸುಂಕ ಎಷ್ಟು ಎಂಬುದಷ್ಟೇ ಕಟ್ಟೆಯಲ್ಲಿ ಕುಳಿತವನಿಗೆ ಬೇಕು. ಹೇರು ಹೊತ್ತವನ ಪಾಡು ಅವನಿಗೆ ಬೇಡ ಎಂಬುದು ಈ ಮಾತಿನ ಭಾವ. ನೂರಾರು ವರ್ಷ ಈ ಗಾದೆ ನಿಜವಾಗಿಯೇ ಇದ್ದಿತು. ಆದರೆ ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಲೋಕದ ಸುಂಕದ ಕಟ್ಟೆಗಳು ಕೇಳುವ ಪ್ರಶ್ನೆಯೇ ಬದಲಾಗಿದೆ. "ಬೆಲೆ ಎಷ್ಟು?" ಎನ್ನುವುದಕ್ಕೆ ಮೊದಲು "ಒಳಗೆ ಇರುವುದೇನು? ಕಳುಹಿಸಿದವರು ಯಾರು? ಅದರಿಂದ ಯಾರಿಗಾದರೂ ಅಪಾಯ ಉಂಟೇ?" ಎಂದು ಕೇಳುತ್ತಾರೆ, ಅದನ್ನೂ ಸರಕು ಬಂದಿಳಿದ ಮೇಲಲ್ಲ, ಅದು ಹಡಗು ಏರುವುದಕ್ಕೆ ಮುಂಚಿತವಾಗಿಯೇ ಕೇಳುತ್ತಾರೆ. ಈ ಪ್ರಶ್ನೆಗಳಿಗೆ ಕೊಡುವ ಲಿಖಿತ ಉತ್ತರವೇ ಸುರಕ್ಷಾ ಘೋಷಣೆ. ಇದರ ಸ್ವರೂಪವೇನು, ಇದಕ್ಕೂ ಉಡುಪಿ, ಕಾಪು, ಕಾರ್ಕಳಗಳ ನಮಗೂ ಸಂಬಂಧವೇನು, ಇದಕ್ಕೆ ಸಿದ್ಧರಾಗುವ ಬಗೆ ಹೇಗೆ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ನಮಗೂ ಇದಕ್ಕೂ ಏನು ಸಂಬಂಧ?

"ನಮ್ಮೂರಿನಲ್ಲಿ ಮೀನಿನ ಬಂದರು ಉಂಟು, ಪರದೇಶದ ಸರಕಿನ ಬಂದರು ಎಲ್ಲಿದೆ?" ಎಂದು ಯಾರಾದರೂ ಕೇಳಬಹುದು. ಒಂದು ಕಾಲದಲ್ಲಿ ಬಾರಕೂರು, ಬಸರೂರುಗಳು ಹೊರನಾಡುಗಳೊಡನೆ ವ್ಯಾಪಾರ ನಡೆಸಿದ ಪಟ್ಟಣಗಳಾಗಿದ್ದವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಆ ವೈಭವ ಈಗ ಇಲ್ಲ. ಆದರೆ ಉಡುಪಿಯಿಂದ ಸುಮಾರು ಐವತ್ತು ಕಿಲೋಮೀಟರು ದಕ್ಷಿಣದ ಪಣಂಬೂರಿನಲ್ಲಿ ನವಮಂಗಳೂರು ಬಂದರು ಇದೆ. 1974ರ ಮೇ 4ರಂದು ಅದು ದೇಶದ ಒಂಬತ್ತನೆಯ ಪ್ರಧಾನ ಬಂದರು ಎಂದು ಘೋಷಿತವಾಯಿತು. 1975ರ ಜನವರಿ 11ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಅಲ್ಲಿ ಇಳಿಯುವ ಸರಕಿನ ಒಂದು ಪಾಲು ನಮ್ಮ ಜಿಲ್ಲೆಯ ಒಳಗೇ ಬರುತ್ತದೆ.

ಕಾಪು ತಾಲ್ಲೂಕನ್ನೇ ನೋಡೋಣ. ಎಲ್ಲೂರಿನ 1200 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರವನ್ನು ಆಮದು ಕಲ್ಲಿದ್ದಲನ್ನೇ ನಂಬಿ ಕಟ್ಟಲಾಯಿತು. ಪಾದೂರಿನಲ್ಲಿ ನೆಲದಡಿಯ ಬಂಡೆಯನ್ನು ಕೊರೆದು ಮಾಡಿದ ಗವಿಗಳಲ್ಲಿ 25 ಲಕ್ಷ ಟನ್ ಕಚ್ಚಾ ತೈಲವನ್ನು ದೇಶದ ಆಪತ್ಕಾಲಕ್ಕೆಂದು ಕೂಡಿಡಬಹುದು. ಆ ತೈಲವೂ ಸಮುದ್ರದ ಮೇಲಿನಿಂದಲೇ ಬರತಕ್ಕದ್ದು. ಮಣಿಪಾಲದಂತಹ ವಿದ್ಯಾಕೇಂದ್ರದ ಪ್ರಯೋಗಶಾಲೆಗಳಿಗೂ ಆಸ್ಪತ್ರೆಗಳಿಗೂ ಬೇಕಾಗುವ ಯಂತ್ರ, ರಾಸಾಯನಿಕಗಳಲ್ಲಿ ಹಲವು ಪರದೇಶದಲ್ಲಿ ತಯಾರಾದವು. ಇನ್ನು ಕಾರ್ಕಳ, ಉಡುಪಿ, ಕುಂದಾಪುರಗಳ ಗೇರುಬೀಜದ ಕಾರ್ಖಾನೆಗಳ ಮಾತು ಹೇಳಲೇಬೇಕು. ಪೋರ್ಚುಗೀಸರು ಬ್ರೆಜಿಲಿನಿಂದ ತಂದು ಈ ತೀರದಲ್ಲಿ ನೆಟ್ಟ ಗಿಡ ನಮ್ಮದೇ ಆಗಿಹೋಗಿದೆ. ಆದರೂ ನಮ್ಮ ಗುಡ್ಡಗಳ ಬೆಳೆ ಬೇಸಿಗೆಯ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ವರ್ಷವಿಡೀ ಕೆಲಸ ನಡೆಯಬೇಕಾದರೆ ತಾಂಜಾನಿಯ, ಬೆನಿನ್, ಘಾನಾ, ಐವರಿ ಕೋಸ್ಟ್ ಮೊದಲಾದ ಆಫ್ರಿಕದ ದೇಶಗಳಿಂದ ಹಸಿ ಬೀಜ ಬರಬೇಕು. ಬೀಜ ಸುಲಿಯುವ, ಸಿಪ್ಪೆ ತೆಗೆಯುವ, ಹೋಳು ಬೇಳೆ ಬೇರ್ಪಡಿಸುವ ಕೆಲಸದಲ್ಲಿರುವವರು ಬಹುಮಟ್ಟಿಗೆ ನಮ್ಮ ಹಳ್ಳಿಗಳ ಹೆಂಗಸರು. ಬಂದರಿನಲ್ಲಿ ಕಾಗದ ಸರಿಯಿಲ್ಲವೆಂದು ಬೀಜ ನಿಂತರೆ ಕಾರ್ಖಾನೆಯ ಒಲೆ ಆರುತ್ತದೆ. ಅವರ ವಾರದ ಬಟವಾಡೆಯೂ ನಿಲ್ಲುತ್ತದೆ.

ಘೋಷಣೆ ಏಕೆ ಹುಟ್ಟಿತು?

ಹಡಗಿನ ಹೊಟ್ಟೆಯಲ್ಲಿ ಏನಿದೆಯೆಂದು ತಿಳಿಯದಿರುವುದರ ಫಲವನ್ನು ನಮ್ಮ ದೇಶ ಒಮ್ಮೆ ಬಹಳ ಕ್ರೂರವಾಗಿ ಅನುಭವಿಸಿದೆ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ 'ಫೋರ್ಟ್ ಸ್ಟೈಕಿನ್' ಎಂಬ ಹಡಗಿನಲ್ಲಿ ಹತ್ತಿಯ ಬೇಲುಗಳೂ ಇದ್ದವು, ಸಾವಿರ ಟನ್ನಿಗೂ ಮಿಕ್ಕ ಸ್ಫೋಟಕಗಳೂ ಇದ್ದವು. ಹತ್ತಿಗೆ ಹತ್ತಿದ ಕಿಡಿ ಸ್ಫೋಟಕಗಳನ್ನು ಮುಟ್ಟಿತು. ಎರಡು ಸ್ಫೋಟಗಳಲ್ಲಿ ಎಂಟುನೂರು ಮಂದಿಗೆ ಕಡಮೆಯಿಲ್ಲದಷ್ಟು ಜನ ಮಡಿದರು. ಬೆಂಕಿ ಆರಿಸಲು ಹೋದ ಅರುವತ್ತಕ್ಕೂ ಮೇಲ್ಪಟ್ಟ ಅಗ್ನಿಶಾಮಕ ಸಿಬ್ಬಂದಿಯೂ ಅವರಲ್ಲಿದ್ದರು. ಆ ದಿನವನ್ನೇ ಇಂದಿಗೂ ಅಗ್ನಿಶಾಮಕ ಸೇವಾ ದಿನವೆಂದು ನಮ್ಮ ದೇಶದಲ್ಲಿ ಆಚರಿಸುತ್ತಾರೆ. ಯುದ್ಧಕಾಲದ ಸರಕು ಅದಾಗಿದ್ದಿತು, ನಿಜ. ಆದರೆ ಬೇಗ ಉರಿಯುವ ಸರಕನ್ನೂ ಸಿಡಿಯುವ ಸರಕನ್ನೂ ಒಂದೇ ಹಡಗಿನಲ್ಲಿ ಒಟ್ಟಿದರೆ ಆಗುವ ಅನರ್ಥಕ್ಕೆ ಯುದ್ಧವೇ ಬೇಕೆಂದಿಲ್ಲ. 2020ರ ಆಗಸ್ಟ್ 4ರಂದು ಬೈರೂತಿನ ಬಂದರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸುಮಾರು 2750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತುದು ಶಾಂತಿಕಾಲದಲ್ಲಿಯೇ.

ಹಿಂದೆ ಸರಕು ಕಣ್ಣಿಗೆ ಕಾಣುತ್ತಿತ್ತು. ಮಂಜಿಯಲ್ಲಿ ಬಂದ ಮೂಟೆಯನ್ನು ಧಕ್ಕೆಯ ಮೇಲೆ ಹೊತ್ತು ಇಳಿಸುವವನು ವಾಸನೆಯಿಂದಲೇ ಒಳಗಿನದನ್ನು ಊಹಿಸಬಲ್ಲವನಾಗಿದ್ದನು. ಈಗ ಕಂಟೈನರ್ ಎಂಬ ಉಕ್ಕಿನ ಪೆಟ್ಟಿಗೆ ಬಂದಿದೆ. ಸಾವಿರಾರು ಪೆಟ್ಟಿಗೆಗಳು ಒಂದೇ ಹಡಗಿನಲ್ಲಿ, ಒಂದರ ಮೇಲೊಂದು, ಒಂದೇ ಬಗೆಯಾಗಿ ನಿಲ್ಲುತ್ತವೆ. ಒಳಗೆ ಗೇರುಬೀಜವೋ ಗಂಧಕವೋ ಎಂದು ಹೊರಗಿನಿಂದ ಹೇಳುವುದು ಅಸಾಧ್ಯ. ಪೆಟ್ಟಿಗೆಯ ಬಾಯಿ ಮುಚ್ಚಿದ ಮೇಲೆ ಅದರ ಪರವಾಗಿ ಮಾತನಾಡಬಲ್ಲದ್ದು ಕಾಗದವೊಂದೇ. ಆ ಕಾಗದ ಸುಳ್ಳು ಹೇಳಿದರೆ ಕೇಳುವವರೆಲ್ಲರೂ ಮೋಸಹೋದಂತೆಯೇ.

2001ರ ಸೆಪ್ಟೆಂಬರ್ 11ರ ಘಟನೆಯ ತರುವಾಯ ಅಮೆರಿಕವು, ತನ್ನ ಕಡೆಗೆ ಹೊರಡುವ ಕಂಟೈನರು ಪರದೇಶದ ಬಂದರಿನಲ್ಲಿ ಹಡಗು ಏರುವುದಕ್ಕೆ 24 ಗಂಟೆ ಮುಂಚಿತವಾಗಿ ಅದರ ವಿವರ ತನಗೆ ತಲುಪಬೇಕೆಂಬ ನಿಯಮವನ್ನು 2002ರ ಡಿಸೆಂಬರಿನಲ್ಲಿ ತಂದಿತು. 2005ರಲ್ಲಿ ವಿಶ್ವ ಕಸ್ಟಮ್ಸ್ ಸಂಸ್ಥೆ ಇಂತಹ ಮುಂಗಡ ಮಾಹಿತಿಯನ್ನು ಎಲ್ಲ ದೇಶಗಳಿಗೂ ಮಾದರಿಯಾಗಿ ಮುಂದಿಟ್ಟಿತು. ಯೂರೋಪಿನ ಒಕ್ಕೂಟವು ತನ್ನ ಹೊಸ ವ್ಯವಸ್ಥೆಯನ್ನು 2021ರಲ್ಲಿ ವಿಮಾನದ ಅಂಚೆ ಪೊಟ್ಟಣಗಳಿಂದ ಆರಂಭಿಸಿ, 2024ರ ಜೂನ್ 3ರಿಂದ ಸಮುದ್ರಮಾರ್ಗಕ್ಕೂ ಹಂತಹಂತವಾಗಿ ವಿಸ್ತರಿಸಿತು. ಬ್ರಿಟನ್ ದೇಶವು ಯೂರೋಪಿನ ಒಕ್ಕೂಟದಿಂದ ಬರುವ ಸರಕಿಗೂ 2025ರ ಜನವರಿ 31ರಿಂದ ಸುರಕ್ಷಾ ಘೋಷಣೆಯನ್ನು ಕಡ್ಡಾಯ ಮಾಡಿತು. ಹೀಗೆ ಇದು ಒಂದು ದೇಶದ ಹಟವಾಗಿ ಉಳಿಯದೆ ಲೋಕದ ರೂಢಿಯಾಗುತ್ತ ಬಂದಿದೆ.

ನಮ್ಮ ದೇಶದ ಕಾಯಿದೆ

ನಮ್ಮಲ್ಲಿ 1878ರ ಸಮುದ್ರ ಸುಂಕದ ಕಾಯಿದೆಯ ಸ್ಥಾನಕ್ಕೆ ಬಂದುದು 1962ರ ಕಸ್ಟಮ್ಸ್ ಕಾಯಿದೆ. ಅದರ ಪ್ರಕಾರ ಎರಡು ಘೋಷಣೆಗಳನ್ನು ಬೇರೆಬೇರೆಯಾಗಿ ತಿಳಿದುಕೊಳ್ಳತಕ್ಕದ್ದು. ಒಂದು, ಹಡಗಿನವರು ಕೊಡುವ ಸರಕುಪಟ್ಟಿ, ಎಂದರೆ ಮ್ಯಾನಿಫೆಸ್ಟ್. ಇದು 30ನೆಯ ವಿಧಿಗೆ ಸೇರಿದ್ದು. 2018ರ ಮೇ ತಿಂಗಳಲ್ಲಿ ಹೊರಟ ಹೊಸ ಸಮುದ್ರ ಸರಕು ನಿಯಮಾವಳಿಯು, ಹಡಗು ಭಾರತಕ್ಕೆ ಬರುವ ಮುಂಚಿನ ಪರದೇಶದ ಕೊನೆಯ ಬಂದರನ್ನು ಬಿಡುವ ಮೊದಲೇ ಈ ಪಟ್ಟಿ ಸಲ್ಲಬೇಕೆಂದು ವಿಧಿಸಿತು. ಹಳೆಯ ಪದ್ಧತಿಯಿಂದ ಹೊಸದಕ್ಕೆ ದಾಟಲು ವ್ಯಾಪಾರಿಗಳಿಗೆ ಹಲವು ಸಲ ಕಾಲಾವಕಾಶವನ್ನೂ ಕೊಡಲಾಯಿತು. ಎರಡನೆಯದು, ಆಮದುದಾರನು ತಾನೇ ಕೊಡುವ ಬಿಲ್ ಆಫ್ ಎಂಟ್ರಿ. ಇದು 46ನೆಯ ವಿಧಿಗೆ ಸೇರಿದ್ದು. 2021ರ ತಿದ್ದುಪಡಿಯ ಪ್ರಕಾರ ಇದನ್ನು ಸಾಮಾನ್ಯವಾಗಿ ಹಡಗು ಬರುವ ದಿನದ ಹಿಂದಿನ ದಿನ ಮುಗಿಯುವುದರೊಳಗೆ ಸಲ್ಲಿಸಬೇಕು. ಆ ದಿನ ರಜೆಯಾದರೂ ವಿನಾಯಿತಿ ಇಲ್ಲ. ಮೂವತ್ತು ದಿನ ಮುಂಚಿತವಾಗಿಯೂ ಸಲ್ಲಿಸಬಹುದು.

2011ರಿಂದ ಸುಂಕದ ಲೆಕ್ಕವನ್ನು ಮೊದಲು ಆಮದುದಾರನೇ ಹಾಕಬೇಕು. 2018ರಲ್ಲಿ ಸೇರಿಸಿದ ಒಂದು ಉಪವಿಧಿಯಂತೆ, ತಾನು ಕೊಟ್ಟ ಮಾಹಿತಿ ಸರಿಯಾಗಿಯೂ ಪೂರ್ಣವಾಗಿಯೂ ಇದೆ, ದಾಖಲೆಗಳು ನಿಜವಾದವು, ಸರಕಿನ ಮೇಲಿರುವ ನಿರ್ಬಂಧಗಳನ್ನು ಪಾಲಿಸಿದೆ ಎಂಬುದಕ್ಕೆ ಅವನೇ ಹೊಣೆ. ಸರಕಿಗೂ ಘೋಷಣೆಗೂ ತಾಳೆಯಾಗದಿದ್ದರೆ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ತಿಳಿದೂ ಸುಳ್ಳು ಬರೆದವನಿಗೆ ಸರಕಿನ ಬೆಲೆಯ ಐದು ಪಟ್ಟಿನವರೆಗೆ ದಂಡ ಬೀಳಬಹುದು. ಕಾಯಿದೆ ಆಮದುದಾರನನ್ನು ನಂಬುತ್ತದೆ. ನಂಬಿಕೆಗೆ ದ್ರೋಹವಾದರೆ ಮಾತ್ರ ಕಠಿನವಾಗುತ್ತದೆ. ಕೈತಪ್ಪಿನಿಂದ ಬಂದ ದೋಷವನ್ನು ತಾನಾಗಿಯೇ ತಿದ್ದಿಸಿಕೊಳ್ಳಲು 149ನೆಯ ವಿಧಿಯಲ್ಲಿ ದಾರಿಯೂ ಉಂಟು.

ಒಂದು ಉದಾಹರಣೆ: ಗೇರುಬೀಜದ ಪೆಟ್ಟಿಗೆ

ಈಗ ಕಾರ್ಕಳದ ಕಾರ್ಖಾನೆಯೊಂದಕ್ಕೆ ಪಶ್ಚಿಮ ಆಫ್ರಿಕದಿಂದ ಒಂದು ಕಂಟೈನರು ಹಸಿ ಗೇರುಬೀಜ ಬರುತ್ತದೆಂದು ಕಲ್ಪಿಸಿಕೊಳ್ಳೋಣ. ಮೊದಲನೆಯದು ಹೆಸರು ಮತ್ತು ಸಂಖ್ಯೆ. 1988ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಪ್ರತಿಯೊಂದು ಸರಕಿಗೂ ಆರು ಅಂಕಿಯ ಸಂಖ್ಯೆ ಇದೆ. 08 ಎಂದರೆ ಹಣ್ಣು ಮತ್ತು ಬೀಜಗಳ ಅಧ್ಯಾಯ. 0801 ಎಂದರೆ ತೆಂಗು, ಗೇರು ಮೊದಲಾದವುಗಳ ಗುಂಪು. 080131 ಎಂದರೆ ಸಿಪ್ಪೆ ಸಹಿತ ಗೇರುಬೀಜ. 080132 ಎಂದರೆ ಸುಲಿದ ತಿರುಳು. ನಮ್ಮ ದೇಶದಲ್ಲಿ ಇನ್ನೆರಡು ಅಂಕಿ ಸೇರಿ ಎಂಟಾಗುತ್ತದೆ. ಕೊನೆಯ ಒಂದು ಅಂಕಿ ತಪ್ಪಿದರೂ ಹಸಿ ಬೀಜ ತಿರುಳಾಗಿಬಿಡುತ್ತದೆ; ಸುಂಕವೂ ಬೇರೆ, ನಿರ್ಬಂಧಗಳೂ ಬೇರೆ. ಹಸಿ ಬೀಜದ ಮೂಲ ಸುಂಕವನ್ನು 2018ರ ಆಯವ್ಯಯದಲ್ಲಿ ಶೇಕಡ 5ರಿಂದ 2.5ಕ್ಕೆ ಇಳಿಸಿದ್ದು ನಮ್ಮಂತಹ ಊರುಗಳ ಕಾರ್ಖಾನೆಗಳಿಗೆ ಕಚ್ಚಾ ಮಾಲು ಸುಲಭವಾಗಿ ಸಿಗಲೆಂದೇ. ತಿರುಳಿಗೆ ಆ ರಿಯಾಯಿತಿ ಇಲ್ಲ.

ಎರಡನೆಯದು ಬೀಜದ ಆರೋಗ್ಯ. 2003ರ ಸಸ್ಯ ಸಂಪರ್ಕನಿಷೇಧ ಆಜ್ಞೆಯಂತೆ ಕಳುಹಿಸುವ ದೇಶದ ಅಧಿಕಾರಿಗಳು ಕೊಟ್ಟ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಬೀಜದಲ್ಲಿ ತೇವ ಹೆಚ್ಚಾಗಿದ್ದರೆ ಮುಚ್ಚಿದ ಪೆಟ್ಟಿಗೆಯೊಳಗೆ ಅದು ಬೆವರಿ, ಬಿಸಿಯಾಗಿ, ಬೂಷ್ಟು ಹಿಡಿಯುತ್ತದೆ. ಖರೀದಿಯ ಕರಾರಿನಲ್ಲಿ ತೇವಾಂಶದ ಮಿತಿಯನ್ನು ಬರೆಸಿಕೊಳ್ಳುವುದು ಲಾಭದ ದೃಷ್ಟಿಯಿಂದ ಮಾತ್ರವಲ್ಲ, ಸುರಕ್ಷೆಯ ದೃಷ್ಟಿಯಿಂದಲೂ ಅವಶ್ಯ.

ಮೂರನೆಯದೇ ಅತ್ಯಂತ ಮುಖ್ಯವಾದುದು, ಬಹಳ ಮಂದಿಗೆ ತಿಳಿಯದೆ ಇರುವುದೂ ಅದೇ. ಹುಳು ಸಾಯಲೆಂದು ಪೆಟ್ಟಿಗೆಯೊಳಗೆ ಮೀಥೈಲ್ ಬ್ರೋಮೈಡ್ ಅನಿಲವನ್ನು ತುಂಬುವುದು, ಇಲ್ಲವೆ ಫಾಸ್ಫೀನ್ ಅನಿಲ ಹೊಮ್ಮುವ ಮಾತ್ರೆಗಳನ್ನು ಇಡುವುದು ವಾಡಿಕೆ. ಹೀಗೆ ಧೂಮೀಕರಿಸಿದ ಕಂಟೈನರು, ಒಳಗಿನ ಸರಕು ಎಷ್ಟೇ ನಿರುಪದ್ರವಿಯಾಗಿದ್ದರೂ, ಸಾಗಣೆಯ ಅಂತರರಾಷ್ಟ್ರೀಯ ನಿಯಮದಲ್ಲಿ ತಾನೇ ಒಂದು ಅಪಾಯಕಾರಿ ವಸ್ತು. ಅದಕ್ಕೆ ಯು.ಎನ್. 3359 ಎಂಬ ಪ್ರತ್ಯೇಕ ಸಂಖ್ಯೆ ಉಂಟು. ಬಾಗಿಲ ಮೇಲೆ ಎಚ್ಚರಿಕೆಯ ಗುರುತು ಅಂಟಿಸಿರಬೇಕು. ಮೀಥೈಲ್ ಬ್ರೋಮೈಡಿಗೆ ಬಣ್ಣವಿಲ್ಲ. ವಾಸನೆಯೂ ಇಲ್ಲವೆನ್ನುವಷ್ಟು ಕಡಮೆ. ಕಾರ್ಖಾನೆಯ ಅಂಗಳದಲ್ಲಿ ಬಾಗಿಲು ತೆರೆದೊಡನೆ ಗೋಣಿ ಇಳಿಸಲು ಒಳನುಗ್ಗುವ ಆಳಿಗೆ ಅದು ಇದೆಯೆಂದು ಹೇಳುವವರು ಯಾರು? ಮೂಗು ಹೇಳುವುದಿಲ್ಲ, ಕಣ್ಣು ಹೇಳುವುದಿಲ್ಲ. ಸಾವಿರಾರು ಮೈಲಿಯಾಚೆ, ಪರಿಚಯವೇ ಇಲ್ಲದ ಒಬ್ಬನು ಕಾಗದದಲ್ಲಿ ನಿಜ ಬರೆದಿದ್ದರೆ, ಆ ಕಾಗದವನ್ನು ಇಲ್ಲಿಯ ಗುಮಾಸ್ತನು ಓದಿ ಮೇಸ್ತ್ರಿಗೆ ತಿಳಿಸಿದ್ದರೆ ಮಾತ್ರ ಆಳಿನ ಪ್ರಾಣ ಉಳಿದೀತು. ಸುರಕ್ಷಾ ಘೋಷಣೆ ಬರಿಯ ಸರಕಾರಿ ಕಾಗದವಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

2025ರ ಎರಡು ಪಾಠಗಳು

ನಮ್ಮ ತೀರಕ್ಕೆ ಹತ್ತಿರದಲ್ಲಿಯೇ 2025ರಲ್ಲಿ ಎರಡು ಅಪಘಾತಗಳಾದವು. ಮೇ 25ರಂದು ಕೊಚ್ಚಿಯ ಹೊರಗಿನ ಸಮುದ್ರದಲ್ಲಿ 'ಎಂ.ಎಸ್.ಸಿ. ಎಲ್ಸಾ 3' ಎಂಬ ಹಡಗು 640 ಕಂಟೈನರುಗಳೊಡನೆ ಮುಳುಗಿತು. ಅವುಗಳಲ್ಲಿ 13 ಅಪಾಯಕಾರಿ ಸರಕಿನವು. ಹನ್ನೆರಡರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇದ್ದಿತು. ಮಾವಿನ ಹಣ್ಣನ್ನು ಕಳ್ಳತನದಲ್ಲಿ ಮಾಗಿಸಲು ಬಳಸುವ ಈ ವಸ್ತು ನೀರು ತಾಗಿದೊಡನೆ ಉರಿಯುವ ಅಸಿಟಿಲೀನ್ ಅನಿಲವನ್ನು ಹೊಮ್ಮಿಸುತ್ತದೆ. ಕೇರಳದ ತೀರಕ್ಕೆ ತೇಲಿಬಂದ ಪೆಟ್ಟಿಗೆಗಳನ್ನು ಮುಟ್ಟಬೇಡಿ, ದೂರ ನಿಲ್ಲಿರಿ ಎಂದು ಅಧಿಕಾರಿಗಳು ಬೆಸ್ತರಿಗೆ ಬೇಗನೆ ಎಚ್ಚರಿಕೆ ಕೊಟ್ಟರು. ಮುಳುಗಿದ ಹಡಗಿನಲ್ಲಿ ಏನೇನಿದೆಯೆಂದು ಇಂತಹ ಸಮಯದಲ್ಲಿ ಹೇಳಬಲ್ಲದ್ದು ಸರಕುಪಟ್ಟಿಯೇ. ಜೂನ್ 9ರಂದು ಕೊಲಂಬೊದಿಂದ ಮುಂಬಯಿಯ ಕಡೆಯ ನ್ಹಾವಾ ಶೇವಾ ಬಂದರಿಗೆ ಹೋಗುತ್ತಿದ್ದ 'ವಾನ್ ಹೈ 503' ಎಂಬ ಹಡಗಿಗೆ ಬೆಂಕಿ ಬಿದ್ದಿತು. ಅದರಲ್ಲಿ ಅಪಾಯಕಾರಿ ಸರಕಿನ ನೂರಕ್ಕೂ ಹೆಚ್ಚು ಪೆಟ್ಟಿಗೆಗಳಿದ್ದವು. ಹಡಗಿನ 22 ಮಂದಿಯಲ್ಲಿ ನಾಲ್ವರು ಕಾಣೆಯಾದರು. ಉಳಿದ 18 ಮಂದಿಯನ್ನು ನೌಕಾಪಡೆಯವರು ಕರೆತಂದುದು ನಮ್ಮ ನವಮಂಗಳೂರು ಬಂದರಿಗೆ. ಸುಟ್ಟ ಗಾಯಗಳಿಂದ ನರಳುತ್ತಿದ್ದವರಿಗೆ ಚಿಕಿತ್ಸೆಯಾದುದೂ ಮಂಗಳೂರಿನಲ್ಲಿಯೇ. ದೂರದ ಸುದ್ದಿ ಎನ್ನುವಂತಿಲ್ಲ.

ನಾವು ಕಳುಹಿಸುವ ಸರಕೂ ಇನ್ನೊಬ್ಬರಿಗೆ ಆಮದು ಎಂಬುದನ್ನು ಮರೆಯಲಾಗದು. ಫಿಶ್‌ಮೀಲ್ ಎಂದು ಕರೆಯುವ ಮೀನಿನ ಹುಡಿ ನಮ್ಮ ತೀರದ ಕಾರ್ಖಾನೆಗಳಲ್ಲಿ ತಯಾರಾಗಿ ಹೊರದೇಶಕ್ಕೆ ಹೋಗುತ್ತದೆ. ಅದರಲ್ಲಿರುವ ಎಣ್ಣೆ ಗಾಳಿಯೊಡನೆ ಕೂಡಿ ತಾನಾಗಿಯೇ ಕಾಯುತ್ತದೆ. ತಕ್ಕ ಮದ್ದು ಬೆರಸಿ ಸ್ಥಿರಗೊಳಿಸದಿದ್ದರೆ ಹಡಗಿನಲ್ಲಿಯೇ ಹೊತ್ತಿಕೊಳ್ಳಬಹುದು. ಆದುದರಿಂದಲೇ ಸ್ಥಿರಗೊಳಿಸದ ಹುಡಿಗೆ ಯು.ಎನ್. 1374, ಸ್ಥಿರಗೊಳಿಸಿದ್ದಕ್ಕೆ ಯು.ಎನ್. 2216 ಎಂದು ಬೇರೆಬೇರೆ ಸಂಖ್ಯೆಗಳಿವೆ. ಆಫ್ರಿಕದವನಿಂದ ನಾವು ಬಯಸುವ ಸತ್ಯವನ್ನು ನಮ್ಮ ಸರಕು ಪಡೆಯುವವನಿಗೂ ನಾವು ಕೊಡಬೇಕಷ್ಟೆ.

ಸಿದ್ಧತೆಯ ಕ್ರಮ

ಆಮದುದಾರನು ಮಾಡಿಕೊಳ್ಳಬೇಕಾದ ಸಿದ್ಧತೆಯನ್ನು ಸಂಗ್ರಹವಾಗಿ ಹೀಗೆ ಹೇಳಬಹುದು.

1. ಸರಕನ್ನು ತಾನು ಚೆನ್ನಾಗಿ ಅರಿತಿರಬೇಕು. ಅದು ಏನು, ಏತರಿಂದಾದುದು, ಅದಕ್ಕೆ ಯಾವ ಔಷಧ ಅಥವಾ ಅನಿಲ ಹಾಕಿದೆ ಎಂಬುದನ್ನು ಮಾರುವವನಿಂದ ಬರಹದಲ್ಲಿ ಪಡೆಯಬೇಕು. ರಾಸಾಯನಿಕವಾದರೆ ಅದರ ಸುರಕ್ಷಾ ಮಾಹಿತಿ ಪತ್ರ, ಯಂತ್ರವಾದರೆ ಅದರೊಳಗೆ ಲಿಥಿಯಂ ಬ್ಯಾಟರಿ ಇದೆಯೇ ಎಂಬ ವಿವರ ಬೇಕು.

2. ವರ್ಣನೆ ಸ್ಪಷ್ಟವಾಗಿರಬೇಕು. "ಸಾಮಾನು", "ಬಿಡಿಭಾಗ", "ಮಿಶ್ರ ಸರಕು" ಎಂಬಂತಹ ಮಾತುಗಳನ್ನು ಯೂರೋಪಿನ ಹೊಸ ವ್ಯವಸ್ಥೆ ಒಪ್ಪುವುದೇ ಇಲ್ಲ. ಪ್ರಯೋಗಶಾಲೆಯ ಉಪಕರಣ ಎಂದರೆ ಸಾಲದು. ಯಾವ ಉಪಕರಣ, ಯಾವ ಕೆಲಸಕ್ಕೆ ಎಂದು ಬರೆಯಬೇಕು.

3. ಕರಾರಿನಲ್ಲಿಯೇ ಕಾಗದಗಳ ಗಡುವನ್ನು ಬರೆಯಬೇಕು. ಸರಕು ಹಡಗು ಏರಿದ ಮೇಲೆ ಪತ್ರ ತರಿಸುವ ಹಳೆಯ ಅಭ್ಯಾಸ ಇನ್ನು ನಡೆಯದು. ಹಡಗು ಬರುವ ದಿನದಿಂದ ಹಿಂದಕ್ಕೆ ಎಣಿಸಿ, ಯಾವ ದಿನ ಯಾವ ಕಾಗದ ಕೈಯಲ್ಲಿರಬೇಕೆಂದು ಪಟ್ಟಿ ಮಾಡಿಕೊಳ್ಳತಕ್ಕದ್ದು.

4. ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಬಿಲ್ ಆಫ್ ಲೇಡಿಂಗ್, ಪ್ರಮಾಣಪತ್ರಗಳು ಇವೆಲ್ಲವುಗಳಲ್ಲಿ ಹೆಸರು, ತೂಕ, ಚೀಲಗಳ ಸಂಖ್ಯೆ ಒಂದೇ ಆಗಿರಬೇಕು. ತುಂಬಿದ ಕಂಟೈನರಿನ ತೂಕವನ್ನು ದೃಢೀಕರಿಸಿಯೇ ಹಡಗಿಗೆ ಏರಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ 2016ರ ಜುಲೈ 1ರಿಂದ ಜಾರಿಯಲ್ಲಿದೆ.

5. ಸರಕು ಬಂದ ಮೇಲೆ ಕಾಗದದ ಕೆಲಸ ಮುಗಿಯಿತೆಂದು ತಿಳಿಯಬಾರದು. ಕಾರ್ಖಾನೆಯಲ್ಲಿ ಬಾಗಿಲು ತೆರೆಯುವವನಿಗೆ ಎಚ್ಚರಿಕೆಯ ಗುರುತುಗಳನ್ನು ಕನ್ನಡದಲ್ಲಿ, ಬೇಕಾದರೆ ತುಳುವಿನಲ್ಲಿ, ವಿವರಿಸಿ ಹೇಳಬೇಕು. ಪೆಟ್ಟಿಗೆಗೆ ಸಾಕಷ್ಟು ಹೊತ್ತು ಗಾಳಿಯಾಡಿಸಿ, ಅನಿಲ ಉಳಿದಿಲ್ಲವೆಂದು ಪರೀಕ್ಷಿಸಿದ ನಂತರವೇ ಒಳಗೆ ಹೋಗಬೇಕು.

6. ಎಲ್ಲ ದಾಖಲೆಗಳನ್ನೂ ಐದು ವರ್ಷ ಜೋಪಾನವಾಗಿಡಬೇಕು.

ಒಂದು ಆಕ್ಷೇಪ

"ಇದೆಲ್ಲ ದೊಡ್ಡ ಕಂಪೆನಿಗಳಿಗೆ ಸರಿ, ಸಣ್ಣ ಕಾರ್ಖಾನೆಯವನು ಇಷ್ಟು ಕಾಗದ ಹೇಗೆ ನಿಭಾಯಿಸಿಯಾನು?" ಎಂಬ ಆಕ್ಷೇಪ ಬರುವುದು ಸಹಜ, ಅದರಲ್ಲಿ ಸತ್ಯವೂ ಇದೆ. ದೊಡ್ಡವನಿಗೆ ಪ್ರತ್ಯೇಕ ಕಚೇರಿ ಉಂಟು. ಸಣ್ಣವನು ಕಸ್ಟಮ್ಸ್ ಬ್ರೋಕರನ್ನು ನಂಬಿರುತ್ತಾನೆ. ಬ್ರೋಕರು ಬರೆದುದಕ್ಕೂ ಕೊನೆಗೆ ಹೊಣೆ ಹೊರಬೇಕಾದವನು ಆಮದುದಾರನೇ. ಮೇಲಾಗಿ ಅಪಾಯಕಾರಿ ಸರಕೆಂದು ಬರೆದರೆ ಹಡಗಿನ ಬಾಡಿಗೆ ಹೆಚ್ಚುವುದರಿಂದ ಮುಚ್ಚಿಡುವ ಆಸೆ ಹುಟ್ಟುವುದೂ ಉಂಟು. ಆದರೆ ಹೊರೆ ಹೆಚ್ಚೆಂದು ಸತ್ಯವನ್ನು ಕಡಮೆ ಮಾಡಲಾದೀತೇ? ಮುಚ್ಚಿಟ್ಟು ಉಳಿಸಿದ ಬಾಡಿಗೆಯನ್ನು ಬೇರೊಬ್ಬರು, ಹಡಗಿನ ಖಲಾಸಿಯೋ ಧಕ್ಕೆಯ ಆಳೋ, ಮೈಮೇಲೆ ತೆರಬೇಕಾಗುತ್ತದೆ. ಹೊರೆಯನ್ನು ಹಂಚಿಕೊಳ್ಳುವುದೇ ಇದಕ್ಕೆ ಉಪಾಯ. ಒಂದೇ ಬಗೆಯ ಸರಕು ತರಿಸುವ ಸಣ್ಣ ಕಾರ್ಖಾನೆಗಳು ತಮ್ಮ ಸಂಘದ ಮೂಲಕ ಒಂದೇ ಮಾದರಿಯ ಕರಾರು, ಒಂದೇ ಪರಿಶೀಲನಾ ಪಟ್ಟಿ, ಅನಿಲ ಪರೀಕ್ಷಿಸುವ ಒಂದು ಉಪಕರಣವನ್ನು ಇಟ್ಟುಕೊಂಡರೆ ಒಬ್ಬೊಬ್ಬರ ಖರ್ಚು ಅಲ್ಪವಾಗುತ್ತದೆ. ಸಹಕಾರಿ ಚಳುವಳಿ, ಬ್ಯಾಂಕು ವ್ಯವಹಾರಗಳಲ್ಲಿ ಹೆಸರು ಪಡೆದ ಈ ಜಿಲ್ಲೆಗೆ ಇದು ಕಷ್ಟದ ಮಾತಲ್ಲ.

ಕೊನೆಯದಾಗಿ ವಿದ್ಯಾರ್ಥಿಮಿತ್ರರಿಗೆ ಒಂದು ಮಾತು. ಕಲಾ ವಿಭಾಗದಲ್ಲಿ ಓದಿದವರಿಗೆ ಬಂದರಿನಲ್ಲಿ ಕೆಲಸವಿಲ್ಲವೆಂಬ ಭಾವನೆ ನಮ್ಮಲ್ಲಿದೆ. ವಾಸ್ತವವಾಗಿ ಘೋಷಣೆ ಎಂಬುದು ಭಾಷೆಯ ಕೆಲಸ. ಅನೇಕಾರ್ಥಕ್ಕೆ ಎಡೆಯಿಲ್ಲದಂತೆ ಒಂದು ವಸ್ತುವನ್ನು ಹೆಸರಿಸುವುದು, ಕಾಯಿದೆಯ ವಾಕ್ಯವನ್ನು ಸರಿಯಾಗಿ ಓದುವುದು, ಇಂಗ್ಲಿಷಿನ ಎಚ್ಚರಿಕೆಯನ್ನು ಹಳ್ಳಿಯ ಹೆಂಗಸಿಗೆ ಅರ್ಥವಾಗುವಂತೆ ಹೇಳುವುದು, ಇವು ನಾವು ತರಗತಿಯಲ್ಲಿ ಕಲಿಯುತ್ತಿರುವ ವಿದ್ಯೆಯೇ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಈ ಬೇಸಿಗೆಯಲ್ಲಿ ಹತ್ತಿರದ ಗೇರುಬೀಜದ ಕಾರ್ಖಾನೆಯೊಂದಕ್ಕೆ ಹೋಗಿ, ಅಲ್ಲಿಗೆ ಬಂದ ಒಂದು ಕಂಟೈನರಿನ ಕಾಗದಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅದರಲ್ಲಿರುವ ಎಚ್ಚರಿಕೆಗಳನ್ನು ಒಂದು ಹಾಳೆಯಲ್ಲಿ ಕನ್ನಡಕ್ಕೆ ತಂದು ಬಾಗಿಲ ಬಳಿ ಅಂಟಿಸಿ ಬಂದರೆ, ಆ ಒಂದು ಹಾಳೆ ಅಲ್ಲಿ ದುಡಿಯುವವರ ಜೀವಕ್ಕೆ ಕಾವಲಾಗಿ ನಿಂತೀತು.